ಗೊತ್ತಿದ್ದವನ ಮುಂದೆ ಅರಿಕೆ

ಹಳೆಯ ಕನ್ನಡ ಪುಸ್ತಕಗಳಲ್ಲಿ ಮೊದಲ ಪುಟ ಮಗುಚಿದರೆ ಒಂದು ‘ಅರಿಕೆ’ ಎದುರಾಗುತ್ತಿತ್ತು. ಮುನ್ನುಡಿ ದೊಡ್ಡವರದು, ಅರಿಕೆ ಬರೆದವನದೇ. ಪುಸ್ತಕ ಯಾಕೆ ತಡವಾಯಿತು, ಕರಡು ತಿದ್ದಿದವರು ಯಾರು, ಅಚ್ಚಿನ ಖರ್ಚಿಗೆ ನೆರವಾದವರು ಯಾರು ಎಂದೆಲ್ಲ ಹೇಳಿ, ಉಳಿದ ತಪ್ಪುಗಳು ತನ್ನವು ಎಂದು ಕೈಮುಗಿಯುವ ಜಾಗ ಅದು. ಅದಕ್ಕೂ ಹಿಂದೆ ಅರಿಕೆ ಅರಮನೆಯ ಮಾತು. ದೊರೆಯ ಮುಂದೆ ನಿಂತ ಪ್ರಜೆ ತನ್ನ ಕಷ್ಟವನ್ನು ಅರಿಕೆ ಮಾಡಿಕೊಳ್ಳುತ್ತಿದ್ದ. ‘ಅರಿ’ಯಿಂದ ಹುಟ್ಟಿದ ಪದ. ಅರಿವಿಗೆ ತರುವುದು ಅದರ ಕೆಲಸ, ಅಷ್ಟೇ. ಈಗ ಪುಸ್ತಕಗಳಲ್ಲಿ ‘ಲೇಖಕರ ಮಾತು’ ಬಂದು ಕೂತಿದೆ, ಕಚೇರಿಗಳಲ್ಲಿ ಅರ್ಜಿ, ಮನವಿ. ಅರಿಕೆ ಇನ್ನೂ ಹಸಿರಾಗಿ, ಪ್ರತಿ ವಾರ ನಾಲಗೆಯ ಮೇಲೆ ಓಡಾಡಿಕೊಂಡು ಇರುವುದು ಕನ್ನಡ ಕ್ರೈಸ್ತರ ಪ್ರಾರ್ಥನೆಯಲ್ಲಿ. ಭಾನುವಾರದ ಆರಾಧನೆಯಲ್ಲಿ ಸಭೆಯೆಲ್ಲ ತಲೆಬಾಗಿ ಒಕ್ಕೊರಲಿನಿಂದ ಹೇಳುವುದಕ್ಕೆ ಹೆಸರು ‘ಪಾಪದ ಅರಿಕೆ’.

ಕಥೋಲಿಕರು ಇದನ್ನೇ ಪಾಪನಿವೇದನೆ ಎನ್ನುತ್ತಾರೆ. ಅವರು ಸಭೆಯೊಂದಿಗೆ ಹೇಳುವುದಲ್ಲದೆ ಫಾದರ್ ಬಳಿ ಒಬ್ಬೊಬ್ಬರೇ ಹೋಗಿಯೂ ಹೇಳಬೇಕು. ನಿವೇದನೆ ಎಂದರೂ ತಿಳಿಸುವುದೇ. ಪಕ್ಕದ ಗುಡಿಯ ನೈವೇದ್ಯಕ್ಕೆ ಈ ಪದ ಹತ್ತಿರದ ನೆಂಟ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದು ‘ಕುಮ್ಸಾರ್’, ಪೋರ್ಚುಗೀಸರಿಂದ ಬಂದದ್ದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು ಕಟ್ಟಳೆ ಮಾಡಿದ್ದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ. ಕೇಳಿದ್ದನ್ನು ಬಾಯಿಬಿಟ್ಟ ಪಾದ್ರಿಯನ್ನು ಪದವಿಯಿಂದ ಇಳಿಸಿ, ಉಳಿದ ಆಯುಷ್ಯವೆಲ್ಲ ಪ್ರಾಯಶ್ಚಿತ್ತಕ್ಕೆಂದು ಮಠಕ್ಕೆ ಅಟ್ಟಬೇಕೆಂದು ವಿಧಿಸಿದ್ದೂ ಅದೇ ಸಭೆ. ಪವಿತ್ರ ವಾರದಲ್ಲಿ ಚರ್ಚಿನ ಪಕ್ಕದ ಬಾಗಿಲವರೆಗೂ ಬೆಳೆಯುವ ಸಾಲಿಗೆ ಎಂಟುನೂರು ವರ್ಷದ ಇತಿಹಾಸವಿದೆ.

ಇಲ್ಲೆಲ್ಲೂ ‘ತಪ್ಪೊಪ್ಪಿಗೆ’ ಎಂಬ ಪದ ನೆಲೆ ನಿಲ್ಲದಿರುವುದನ್ನು ಗಮನಿಸಬೇಕು. ತಪ್ಪೊಪ್ಪಿಗೆ ಪೊಲೀಸ್ ಠಾಣೆಯದು, ಪತ್ರಿಕೆಗಳ ಅಪರಾಧ ಪುಟದ್ದು. ಅಲ್ಲಿ ಕೇಳುವವನಿಗೆ ವಿಷಯ ಗೊತ್ತಿಲ್ಲ, ಹೇಗಾದರೂ ಹೊರಡಿಸಬೇಕು. ಹಾಗಾಗಿಯೇ ಕಾನೂನಿಗೆ ಅದರ ಮೇಲೆ ನಂಬಿಕೆಯಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮು ಹೇಳಿತ್ತು, 2023ರ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಅರಿಕೆಯ ಕತೆ ಬೇರೆ. ಇಲ್ಲಿ ಕೇಳುವವನಿಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆಯಿಂದಲೇ ಮಾತು ಶುರು.

ಗೊತ್ತಿದ್ದವನಿಗೆ ತಿಳಿಸುವುದೇನು? ಸಂತ ಅಗಸ್ಟೀನನೂ ಇದನ್ನು ಕೇಳಿಕೊಂಡ. ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ತನ್ನ ಬದುಕನ್ನೆಲ್ಲ ದೇವರ ಮುಂದೆ ಅರಿಕೆ ಮಾಡುತ್ತ ಬರೆದ ಪುಸ್ತಕದಲ್ಲೇ ಈ ಪ್ರಶ್ನೆ ಎತ್ತಿ, ಒಳಗಿನ ಪ್ರೀತಿಯನ್ನು ಎಚ್ಚರಿಸಲು ಹೇಳುತ್ತಿದ್ದೇನೆ ಎಂಬರ್ಥದ ಉತ್ತರವನ್ನೂ ಕೊಟ್ಟುಕೊಂಡ. ಕನ್ನಡದಲ್ಲಿ ಯೋಚಿಸುವ ನನಗೆ ಉತ್ತರ ಇನ್ನೂ ಸಣ್ಣದು, ಕ್ರಿಯಾಪದದ ಮಟ್ಟದ್ದು.

ನಾವು ಕನ್ನಡಿಗರು ತಪ್ಪು ಮಾಡುವವರಲ್ಲ. ತಪ್ಪು ತಾನಾಗಿಯೇ ಆಗಿಬಿಡುತ್ತದೆ. ಲೋಟ ಬಿದ್ದುಹೋಯ್ತು, ಕೈ ತಗುಲಿಹೋಯ್ತು, ಬಾಯಿಗೆ ಮಾತು ಬಂದುಬಿಟ್ಟಿತು, ದುಡ್ಡು ಖರ್ಚಾಗಿಹೋಯ್ತು, ನಿಮ್ಮ ವಿಷಯ ಮರೆತೇಹೋಯ್ತು. ಕೊನೆಗೆ ಎಲ್ಲಕ್ಕೂ ಸೇರಿಸಿ ‘ತಪ್ಪಾಯ್ತು’. ಮಾಡಿದವರು ಯಾರೆಂದು ಈ ವಾಕ್ಯಗಳನ್ನು ಜಾಲಾಡಿದರೂ ಒಬ್ಬರೂ ಸಿಗುವುದಿಲ್ಲ. ಇದರಲ್ಲಿ ಸೌಜನ್ಯವಿಲ್ಲವೆಂದಲ್ಲ. ಎದುರಿಗಿರುವವರ ಮುಖ ಉಳಿಸುವ, ಜಗಳದ ಕಾವು ಇಳಿಸುವ ಜಾಣತನ ಇದು, ಎಷ್ಟೋ ಸಂಸಾರಗಳು ಇದರ ಮೇಲೆಯೇ ನಿಂತಿವೆ. ಆದರೆ ಪ್ರಾರ್ಥನೆಯ ಪುಸ್ತಕ ಈ ಸೌಲಭ್ಯ ಕೊಡುವುದಿಲ್ಲ. ಅಲ್ಲಿ ‘ಪಾಪ ಮಾಡಿದ್ದೇನೆ’ ಎಂದೇ ಹೇಳಬೇಕು. ಕೊನೆಯ ‘ಏನೆ’ ಹೇಳುವವನನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಬಲಿಪೂಜೆಯ ಆರಂಭದಲ್ಲಿ ಕಥೋಲಿಕರು ಇದು ನನ್ನ ತಪ್ಪು ಎನ್ನುವಾಗ ಮುಷ್ಟಿ ಕಟ್ಟಿ ಎದೆ ತಟ್ಟಿಕೊಳ್ಳುತ್ತಾರೆ. ಬೆರಳು ತೋರಲು ಪಕ್ಕದಲ್ಲಿ ಇಡೀ ಬೆಂಚು ಜನರಿದ್ದರೂ.

ಆ ಪ್ರಾರ್ಥನೆಯಲ್ಲಿ ಪಾಪ ಬರುವ ದಾರಿಗಳ ಪಟ್ಟಿಯಿದೆ: ಆಲೋಚನೆ, ಮಾತು, ಕೃತ್ಯ, ಕೊನೆಗೆ ಮಾಡದೆ ಬಿಟ್ಟದ್ದು. ಈ ಕೊನೆಯದು ಹಳೆಯ ಲ್ಯಾಟಿನ್ ಪಾಠದಲ್ಲಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಂದ 1970ರ ಪೂಜಾಗ್ರಂಥದಲ್ಲಿ ಸೇರಿತು. ಆಂಗ್ಲಿಕನ್ನರ 1552ರ ಪ್ರಾರ್ಥನಾ ಪುಸ್ತಕ ನಾಲ್ಕು ಶತಮಾನ ಮೊದಲೇ ಇದನ್ನು ಹೇಳಿತ್ತು. ಆ ಕಡೆಯಿಂದ 1947ರ ದಕ್ಷಿಣ ಭಾರತ ಸಭೆಗೂ ಈ ಭಾವ ಹರಿದು ಬಂದಿದೆ. ನನ್ನನ್ನು ಕೇಳಿದರೆ ಇಡೀ ಪ್ರಾರ್ಥನೆಯ ಭಾರ ಇರುವುದೇ ಈ ತಡವಾಗಿ ಬಂದ ಪದದ ಮೇಲೆ. ಮೊದಲ ಪರಮಪ್ರಸಾದಕ್ಕೆ ತಯಾರಾಗುವ ಮಕ್ಕಳ ಪಟ್ಟಿ ನೋಡಿ: ಸುಳ್ಳು ಹೇಳಿದೆ, ತಮ್ಮನಿಗೆ ಹೊಡೆದೆ, ಅಮ್ಮನ ಮಾತು ಕೇಳಲಿಲ್ಲ. ಐವತ್ತು ದಾಟಿದವರಲ್ಲೂ ಅನೇಕರು ಅದೇ ಪಟ್ಟಿಯನ್ನು ಸ್ವಲ್ಪ ತಿದ್ದಿ ಒಪ್ಪಿಸಿ, ಮೂರು ‘ನಮೋ ಮರಿಯಾ’ ಹೇಳಿ ಹೊರಬೀಳುತ್ತಾರೆ. ಅವರ ನಿಜವಾದ ಲೆಕ್ಕ ಬೇರೆ ಕಡೆ ಇರುತ್ತದೆ. ಮನೆಕೆಲಸದವಳಿಗೆ ತಿಂಗಳ ಸಂಬಳ ಹತ್ತನೇ ತಾರೀಖಿನವರೆಗೆ ಕೊಡದೆ ಇದ್ದದ್ದು. ಹಾಸಿಗೆ ಹಿಡಿದ ಅತ್ತೆಯ ಕೋಣೆಯ ಮುಂದೆ ಹಾದುಹೋದರೂ ಒಳಗೆ ಇಣುಕದೆ ಇದ್ದದ್ದು. ಗಾಯನ ತಂಡದಲ್ಲಿ ಒಬ್ಬ ಹುಡುಗನ ಜಾತಿ ಹಿಡಿದು ಆಡಿಕೊಂಡಾಗ ಕೇಳಿಸದವರಂತೆ ಹಾಡಿನ ಪುಸ್ತಕ ತಿರುವಿದ್ದು. ಇವು ಯಾವುವೂ ‘ಆಗಿಹೋದ’ವಲ್ಲ. ಏನೂ ಆಗಲಿಲ್ಲ ಎಂಬುದೇ ಇಲ್ಲಿಯ ಪಾಪ.

ಇನ್ನು ‘ಪಾಪ’ ಎಂಬ ಮಾತಿನ ಕನ್ನಡದ ವಿಚಿತ್ರ. ಪ್ರವಚನದಲ್ಲಿ ನಾವೆಲ್ಲರೂ ಪಾಪಿಗಳು ಎಂದು ಕೇಳಿ ಹೊರಬಂದವರು ಮೆಟ್ಟಿಲ ಬಳಿ ಕಾಲು ಮುರಿದುಕೊಂಡ ಪರಿಚಿತರನ್ನು ಕಂಡು ‘ಅಯ್ಯೋ ಪಾಪ’ ಅನ್ನುತ್ತಾರೆ. ತೊಟ್ಟಿಲ ಕೂಸೂ ಪಾಪು. ಕರಾವಳಿಯಲ್ಲಿ ‘ಅವ ಪಾಪದವ’ ಎಂದರೆ ಬಡವ, ಯಾರ ತಂಟೆಗೂ ಹೋಗದವ. ಹೊಸದಾಗಿ ಕನ್ನಡ ಕಲಿತ ಯಾವ ಮಿಷನರಿಗಾದರೂ ತಲೆತಿರುಗಬೇಕಾದ ವಿಷಯ. ನನಗೆ ಮಾತ್ರ ಈ ಗೊಂದಲ ಇಷ್ಟ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳೆಂದು ಒಬ್ಬ ಹೆಂಗಸನ್ನು ಯೇಸುವಿನ ಮುಂದೆ ಎಳೆತಂದ ಪ್ರಸಂಗ ಯೊವಾನ್ನನ ಸುವಾರ್ತೆಯಲ್ಲಿದೆ. ಕಲ್ಲು ಹಿಡಿದು ನಿಂತ ಗಂಡಸರಿಗೆ ಕಂಡದ್ದು ಒಂದು ಪಾಪ, ಯೇಸುವಿಗೆ ಕಂಡದ್ದು ಇನ್ನೊಂದು. ಎರಡಕ್ಕೂ ಒಂದೇ ಪದ ಇಟ್ಟುಕೊಂಡ ಭಾಷೆಯಲ್ಲಿ ಆ ಪ್ರಸಂಗ ಓದುವುದೇ ಒಂದು ಭಾಗ್ಯ.

ಮಾಡಿದವರ ಮಾತಾಯಿತು, ಈಗ ಅನುಭವಿಸಿದವರದು. ಕ್ಷಮಿಸು ಎಂಬ ಪದವನ್ನು ಕನ್ನಡದ ಮನೆಗಳು ಒಳಗೆ ಬಿಟ್ಟುಕೊಂಡದ್ದೇ ಕಡಿಮೆ. ‘ಕ್ಷಮಿಸಿ’ ಎಂದು ಈಗ ಹೆಚ್ಚಾಗಿ ಹೇಳುವುದು ಮೊಬೈಲ್ ಕಂಪನಿಯ ಧ್ವನಿಮುದ್ರಣ. ಗಂಡ ಹೆಂಡತಿಗೆ ಹೇಳುವುದು ‘ಬಾ, ಊಟ ಮಾಡು’. ಹೆಂಡತಿ ಗಂಡನ ಮುಂದೆ ಕಾಫಿ ಲೋಟವನ್ನು ಸ್ವಲ್ಪ ಮೆಲ್ಲಗೆ ಇಡುತ್ತಾಳೆ. ಮಕ್ಕಳಾದರೆ ‘ಸಾರಿ’. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ತೆರ್ಸ್, ಅಂದರೆ ಜಪಸರ, ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳುವ ಪದ್ಧತಿಯಿದೆ, ಆಶೀರ್ವಾದ. ಆ ದಿನ ಸುಮ್ಮಸುಮ್ಮನೆ ಬೈದ ದೊಡ್ಡವರಿಂದಲೂ ಕೇಳಬೇಕು. ಬೈದವರು ಮಗುವಿನ ಮುಂದೆ ಅರಿಕೆ ಮಾಡಿಕೊಳ್ಳುವ ಪದ್ಧತಿ ಮಾತ್ರ ಎಲ್ಲೂ ಬೆಳೆಯಲಿಲ್ಲ. ಕೋಪ ಇಟ್ಟುಕೊಂಡು ಸೂರ್ಯ ಮುಳುಗಲು ಬಿಡಬೇಡಿ ಎಂದು ಪೌಲ ಎಫೆಸದವರಿಗೆ ಬರೆದದ್ದು ದೊಡ್ಡವರಿಗೂ ಸೇರಿಸಿಯೇ.

ಕ್ಷಮೆಗೆ ಅಚ್ಚಕನ್ನಡದ ನುಡಿಗಟ್ಟೊಂದಿದೆ: ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’. ಎಷ್ಟು ಆಪ್ತವೋ ಅಷ್ಟೇ ಅಪಾಯದ ಮಾತು. ತಪ್ಪು ಮಾಡಿದವನು ಹೊರಗೆ ಹಗುರಾಗಿ ಓಡಾಡುತ್ತಾನೆ, ಅನುಭವಿಸಿದವರು ಅದನ್ನು ನುಂಗಿ ಒಳಗಿಟ್ಟುಕೊಳ್ಳಬೇಕು. ಈ ಸಲಹೆ ಹೆಚ್ಚಾಗಿ ಹೋಗುವುದು ಹೆಂಗಸರ ಕಡೆಗೆ. ಗಂಡನ ಕೈಯಲ್ಲಿ ಏಟು ತಿಂದು ಬಂದವಳಿಗೆ ಪ್ರಾರ್ಥನೆಕೂಟದಲ್ಲಿ ಏಳೆಪ್ಪತ್ತು ಸಲ ಕ್ಷಮಿಸಬೇಕಮ್ಮಾ ಎಂದು ಬೋಧಿಸಿ ಮನೆಗೆ ಕಳಿಸುವ ಹಿರಿಯರಿದ್ದಾರೆ. ಪೇತ್ರನಿಗೆ ಯೇಸು ಹೇಳಿದ ಲೆಕ್ಕವನ್ನು ಇಲ್ಲಿ ಬಳಸುವುದು ಶುದ್ಧ ಮೋಸ. ಅರಿಕೆಯೇ ಇಲ್ಲದ ಕಡೆ, ಹೊಡೆಯುವುದು ನಿಂತೇ ಇಲ್ಲದ ಕಡೆ, ಹೊಡೆತ ತಿಂದವರಿಂದ ಕ್ಷಮೆ ವಸೂಲು ಮಾಡಲು ಯಾರಿಗೂ ಅಧಿಕಾರವಿಲ್ಲ.

ಸಭೆಯ ಕನ್ನಡಕ್ಕೆ ಇನ್ನೊಂದು ಪದ ಗೊತ್ತು, ‘ಮನ್ನಿಸು’. ಅದರ ಬೆನ್ನಿಗೆ ಮನ್ನಣೆ ಇದೆ. ಹಳಗನ್ನಡದಲ್ಲಿ ಮನ್ನಿಸುವುದೆಂದರೆ ಗೌರವಿಸುವುದೂ ಹೌದು. ಲೂಕನ ಸುವಾರ್ತೆಯ ದುಂದುಗಾರ ಮಗನ ಕತೆಯನ್ನು ಈ ಪದ ಹಿಡಿದು ಓದಿದರೆ ಅದರ ನಡು ಕಾಣುತ್ತದೆ. ಆಸ್ತಿಯೆಲ್ಲ ಕರಗಿಸಿ, ಹಂದಿ ಮೇಯಿಸಿ, ಹಸಿವಿನಿಂದ ಮನೆಯ ದಾರಿ ಹಿಡಿದವನು ಅರಿಕೆಯನ್ನು ಮೊದಲೇ ಉರು ಹೊಡೆದುಕೊಂಡಿದ್ದ. ಮಗನೆನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ, ಕೂಲಿಯಾಳಾಗಿ ಇಟ್ಟುಕೋ ಎಂದು ಮುಗಿಸುವ ಯೋಜನೆ. ಅಪ್ಪ ಕೂಲಿಯ ಮಾತಿನವರೆಗೆ ಹೋಗಗೊಡುವುದೇ ಇಲ್ಲ. ಒಳ್ಳೆಯ ಅಂಗಿ ತನ್ನಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು. ತಪ್ಪು ಹೊಟ್ಟೆಗೆ ಹೋಗಲಿಲ್ಲ, ಮಗನಿಗೆ ಮನ್ನಣೆ ಮರಳಿ ಬಂತು. ಅಣ್ಣ ಇದನ್ನು ಸಹಿಸಲಿಲ್ಲ ಎಂಬುದನ್ನೂ ಲೂಕ ಮುಚ್ಚಿಡಲಿಲ್ಲ. ನಮ್ಮ ಸಭೆಗಳಲ್ಲಿ ಆ ಅಣ್ಣಂದಿರದೇ ಬಹುಮತ.

ಕರ್ತನ ಪ್ರಾರ್ಥನೆಯ ಮತ್ತಾಯನ ಪಾಠದಲ್ಲಿ, ಗ್ರೀಕ್ ಮೂಲ ನೋಡಿದರೆ, ಕ್ಷಮೆ ಕೇಳುವುದು ಸಾಲಕ್ಕೆ; ಲೂಕನಲ್ಲಿ ಅದು ಪಾಪಕ್ಕೆ. ಸಾಲ ಮನ್ನಾ ಎಂಬುದು ಚುನಾವಣೆಯ ಮಾತಾಗಿರುವ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಮತ್ತಾಯನಲ್ಲೇ ಬರುವ ಇನ್ನೊಂದು ಕತೆಯಲ್ಲಿ ಒಡೆಯ ಸೇವಕನೊಬ್ಬನ ಹತ್ತು ಸಾವಿರ ತಲಾಂತು ಸಾಲ ಬಿಟ್ಟುಬಿಡುತ್ತಾನೆ. ಆ ಸೇವಕ ಹೊರಗೆ ಬಂದವನೇ ತನಗೆ ನೂರು ದೆನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ದೆನಾರಿ ಎಂದರೆ ಒಂದು ದಿನದ ಕೂಲಿ, ತಲಾಂತು ಎಂದರೆ ಸುಮಾರು ಆರು ಸಾವಿರ ದೆನಾರಿ. ಮನ್ನಾ ಆದದ್ದು ಆರು ಕೋಟಿ ದಿನದ ಕೂಲಿ, ಕುತ್ತಿಗೆ ಹಿಡಿದದ್ದು ನೂರು ದಿನದ್ದಕ್ಕೆ. ಭಾನುವಾರ ಬೆಳಗ್ಗೆ ದೇವರಿಂದ ಕ್ಷಮೆ ಪಡೆದು, ಗೇಟಿನ ಹೊರಗೆ ಸ್ಕೂಟರಿಗೆ ಅಡ್ಡ ನಿಲ್ಲಿಸಿದವನನ್ನು ಹಿಡಿದು ಜಾಡಿಸುವವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗಬೇಕು.

ಮನ್ನಾ ಎಂದಕೂಡಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ, ದೇವರು ಕ್ಷಮಿಸಿದ ಮೇಲೆ ಮುಗಿಯಿತು ಎಂದು. ಸಭೆ ಹಾಗೆ ಹೇಳಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಆದಷ್ಟು ಸರಿಪಡಿಸಬೇಕು. ಪಾಪವಿಮೋಚನೆ ಆ ಬಾಕಿಯನ್ನು ತೀರಿಸುವುದಿಲ್ಲ ಎಂಬುದು ಕಥೋಲಿಕ ಧರ್ಮೋಪದೇಶದ ಸ್ಪಷ್ಟ ಮಾತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಸರಿಮಾಡಿಕೊಂಡು ಬಾ ಎಂದು ಯೇಸು ಹೇಳಿದ ಕ್ರಮವೂ ಇದೇ. ನಮ್ಮ ಜೈನ ನೆರೆಯವರು ಪರ್ಯುಷಣದ ಕೊನೆಗೆ ಒಬ್ಬೊಬ್ಬರ ಎದುರೂ ನಿಂತು ಕ್ಷಮೆ ಕೇಳುತ್ತಾರೆ. ಕ್ರೈಸ್ತರು ಅದನ್ನು ದೇವರ ಮೂಲಕ ಕಳಿಸಿಕೊಟ್ಟು ಸುಮ್ಮನಾಗುವುದು ಹೆಚ್ಚು. ತೆರಿಗೆ ವಸೂಲಿಯ ಜಕ್ಕಾಯ ಮಾತ್ರ ಹಾಗೆ ಮಾಡಲಿಲ್ಲ. ಯೇಸು ತನ್ನ ಮನೆಗೆ ಬಂದ ದಿನ ಎದ್ದುನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದು ಬಾಯಿಬಿಟ್ಟು ಲೆಕ್ಕ ಒಪ್ಪಿಸಿದ. ಇಡೀ ಸುವಾರ್ತೆಯಲ್ಲಿ ನನಗೆ ಅರಿಕೆ ಎಂದು ಒಪ್ಪಿಗೆಯಾಗುವುದು ಇದು.

ಹೆಸರಿಲ್ಲದ, ಬಾಬತ್ತಿಲ್ಲದ ಅರ್ಜಿಯನ್ನು ತಾಲ್ಲೂಕು ಕಚೇರಿಯ ಗುಮಾಸ್ತನೂ ತೆಗೆದುಕೊಳ್ಳುವುದಿಲ್ಲ. ಮುಂದಿನ ಸಲ ಪಾಪದ ಅರಿಕೆಗೆ ತಲೆಬಾಗುವವರು ‘ಆಲೋಚನೆ, ಮಾತು, ಕೃತ್ಯ’ ಎಂದು ಒಟ್ಟಾಗಿ ಹೇಳಿ ದಾಟಬೇಡಿ. ಯಾರಿಗೆ, ಏನು, ಎಷ್ಟು ಎಂದು ಮನಸ್ಸಿನಲ್ಲಾದರೂ ಸೇರಿಸಿಕೊಳ್ಳಿ. ದುಡ್ಡಿನ ವಿಷಯವಾದರೆ ಸೋಮವಾರವೇ ಕೊಟ್ಟುಬಿಡಿ.