ಮುಜಂಟಿ ಜೇನುನೊಣದ ಮೊಟ್ಟೆ ಮತ್ತು ಮರಿಹುಳುವಿನ ರಚನೆ

ಮುಜಂಟಿ, ಮಿಸರಿ, ನಸರಿ ಎಂಬ ಹೆಸರುಗಳಿಂದ ಕರೆಯಲ್ಪಡುವ ಚುಚ್ಚದ ಜೇನುನೊಣದ ವೈಜ್ಞಾನಿಕ ನಾಮಧೇಯ ಟೆಟ್ರಾಗೊನುಲಾ ಇರಿಡಿಪೆನ್ನಿಸ್. ಹಳೆಯ ಪ್ರಕಟಣೆಗಳಲ್ಲಿ ಇದು ಟ್ರೈಗೋನಾ ಎಂದು ನಮೂದಾಗಿದೆ. ಸದರಿ ನೊಣದ ಸಾಕಣೆಗೆ ಮುಂದಾಗುವವರಲ್ಲಿ ತುಡುವೆ ಜೇನಿನ ಅನುಭವವುಳ್ಳವರೂ ಇರುತ್ತಾರೆ. ಆ ಅನುಭವವನ್ನು ಇಲ್ಲಿ ಹಾಗೆಯೇ ಅನ್ವಯಿಸಿದಲ್ಲಿ ಕುಟುಂಬ ನಷ್ಟವಾಗುವ ಸಂಭವವಿರುವುದರಿಂದ ಮರಿಗಳ ರಚನೆಯನ್ನು ಅರಿತಿರುವುದು ಅವಶ್ಯ.

ಕೋಶ: ತುಡುವೆಯಂತೆ ಇಲ್ಲಿ ಎರಿಗಳಿಲ್ಲ. ಮೇಣ ಮತ್ತು ಗಿಡಮರಗಳ ರಾಳವನ್ನು ಬೆರೆಸಿ ಕಟ್ಟಿದ ಪುಟ್ಟ ಕೋಶಗಳು ಗೊಂಚಲಾಗಿರುತ್ತವೆ. ಕೆಲಸಗಾರ ನೊಣಗಳು ಕೋಶದೊಳಗೆ ಜೇನು, ಪರಾಗ ಹಾಗೂ ಗ್ರಂಥಿಸ್ರಾವ ಕೂಡಿದ ದ್ರವಾಹಾರವನ್ನು ಒಮ್ಮೆಗೇ ತುಂಬುತ್ತವೆ. ರಾಣಿಯು ಅದರ ಮೇಲೆ ಒಂದು ಮೊಟ್ಟೆಯನ್ನಿಟ್ಟ ಕೂಡಲೇ ಕೋಶವನ್ನು ಮುಚ್ಚಲಾಗುತ್ತದೆ. ಅನಂತರ ಮರಿಗೆ ಆಹಾರ ನೀಡುವ ಪದ್ಧತಿಯಿಲ್ಲ.

ಮೊಟ್ಟೆ: ಬಿಳಿಯ ಬಣ್ಣದ, ನೀಳವಾದ, ತುಸು ಬಾಗಿದ ಮೊಟ್ಟೆಯು ಆಹಾರದ ಮೇಲೆ ನೆಟ್ಟಗೆ ನಿಂತಿರುತ್ತದೆ. ಕೆಳತುದಿ ಮಾತ್ರ ದ್ರವಕ್ಕೆ ತಾಗಿರುತ್ತದೆ. ಹೊರಕವಚ ಅತಿ ತೆಳು. ವೀರ್ಯಾಣು ಪ್ರವೇಶಿಸುವ ಸೂಕ್ಷ್ಮರಂಧ್ರವು ತಲೆಯ ಭಾಗದ ತುದಿಯಲ್ಲಿದೆ. ಕೋಶವನ್ನು ಓರೆ ಮಾಡಿದರೆ ಅಥವಾ ತಲೆಕೆಳಗಾಗಿಸಿದರೆ ಮೊಟ್ಟೆಯು ಆಹಾರದಲ್ಲಿ ಮುಳುಗಿ ಸಾಯುತ್ತದೆ. ಪೆಟ್ಟಿಗೆ ಸಾಗಿಸುವಾಗ ಆಗುವ ನಷ್ಟದಲ್ಲಿ ಇದರ ಪಾಲು ದೊಡ್ಡದು. ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವುದೂ ಇಲ್ಲ.

ಮರಿಹುಳು: ಕಾಲುಗಳಿಲ್ಲದ, ಕಣ್ಣುಗಳಿಲ್ಲದ ಬಿಳಿ ಹುಳು. ತಲೆಯ ಹಿಂದೆ ಎದೆಯ 3 ಹಾಗೂ ಉದರದ 10, ಒಟ್ಟು 13 ಖಂಡಗಳಿವೆ. ಪಾರ್ಶ್ವಗಳಲ್ಲಿ 10 ಜೊತೆ ಉಸಿರುರಂಧ್ರಗಳಿರುತ್ತವೆ. ದವಡೆಗಳು ಸಣ್ಣವು, ಆಹಾರ ದ್ರವರೂಪದಲ್ಲಿರುವ ಕಾರಣ ಅಗಿಯುವ ಪ್ರಮೇಯವಿಲ್ಲ. ಶರೀರದ ಬಹುಭಾಗವನ್ನು ಜಠರವೇ ಆಕ್ರಮಿಸಿದೆ. ತಿನ್ನುವ ಅವಧಿ ಮುಗಿಯುವವರೆಗೆ ಜಠರಕ್ಕೂ ಹಿಂಗರುಳಿಗೂ ಸಂಪರ್ಕವಿರುವುದಿಲ್ಲವಾದ್ದರಿಂದ ಆಹಾರ ಮಲಿನವಾಗುವುದಿಲ್ಲ. ಮಲವಿಸರ್ಜನೆಯು ಉಣ್ಣುವುದು ಮುಗಿದ ನಂತರವೇ ನಡೆಯುತ್ತದೆ.

ಪೂರ್ಣ ಬೆಳೆದ ಹುಳು ಕೆಳತುಟಿಯ ಗ್ರಂಥಿಯಿಂದ ರೇಷ್ಮೆಯೆಳೆ ಹೊರಡಿಸಿ ಗೂಡು ನೇಯುತ್ತದೆ. ಆಗ ಕೆಲಸಗಾರ ನೊಣಗಳು ಕೋಶದ ಹೊರಮೇಣವನ್ನು ಕೆರೆದು ಬೇರೆಡೆ ಬಳಸಿಕೊಳ್ಳುತ್ತವೆ. ಹಾಗಾಗಿ ಎಳೆಯ ಕೋಶಗಳು ಕಂದು ಬಣ್ಣದವು, ಬಲಿತವು ತಿಳಿ ಹಳದಿ. ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು ಒಂದೂವರೆ ತಿಂಗಳು ಹಿಡಿಯುತ್ತದೆ. ರಾಣಿಯ ಕೋಶ ಇತರೆ ಕೋಶಗಳಿಗಿಂತ ಸ್ಪಷ್ಟವಾಗಿ ದೊಡ್ಡದು. ಹೆಚ್ಚು ಆಹಾರ ಪಡೆದ ಹೆಣ್ಣು ಮರಿಯೇ ರಾಣಿಯಾಗುತ್ತದೆ.

ಕುಟುಂಬ ವಿಭಜಿಸುವವರ ಗಮನಕ್ಕೆ: ಹೊಸ ಪೆಟ್ಟಿಗೆಗೆ ತಿಳಿ ಹಳದಿಯ ಬಲಿತ ಕೋಶಗಳನ್ನೇ ಹೆಚ್ಚಾಗಿ ವರ್ಗಾಯಿಸತಕ್ಕದ್ದು. ಅದರಲ್ಲಿ ರಾಣಿ ಕೋಶವೊಂದು ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಕಂದು ಕೋಶಗಳನ್ನು ಎತ್ತಬೇಕಾಗಿ ಬಂದಲ್ಲಿ ಮೇಲ್ಭಾಗ ಮೇಲೆಯೇ ಇರುವಂತೆ ಇರಿಸತಕ್ಕದ್ದು. ಒಡೆದ ಕೋಶಗಳಿಂದ ಸೋರಿದ ಆಹಾರವು ಇರುವೆ ಹಾಗೂ ಫೋರಿಡ್ ನೊಣಗಳನ್ನು ಆಕರ್ಷಿಸುವುದರಿಂದ ಅಂತಹವುಗಳನ್ನು ಪೆಟ್ಟಿಗೆಯಲ್ಲಿ ಉಳಿಸಬಾರದು.