ಪೆನಾಲ್ಟಿ ತಪ್ಪಿತು, ಆಟ ತಪ್ಪಲಿಲ್ಲ

ಕೊಳ್ಳೇಗಾಲ, ಹನೂರು, ಯಳಂದೂರಿನ ಪ್ರಿಯ ವಿದ್ಯಾರ್ಥಿಗಳೇ, ಒಮ್ಮೆ ನಪಾಸಾದೊಡನೆ ಶಾಲೆ ಬಿಡಬೇಕೆನ್ನುವವರು ಫುಟ್‌ಬಾಲ್ ಆಟಗಾರ ಶೈಲೇನ್ ಮನ್ನಾ ಅವರ ಚರಿತ್ರೆಯನ್ನು ತಿಳಿಯಬೇಕು. ಇವರು ಕಲ್ಕತ್ತದ ಮೋಹನ್ ಬಾಗಾನ್ ತಂಡದ ಹೆಸರಾಂತ ರಕ್ಷಣಾ ಆಟಗಾರರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿ, ಫ್ರಾನ್ಸ್ ಎದುರು 1-2 ಗೋಲುಗಳಿಂದ ಸೋತರು. ನಮ್ಮ ಏಕೈಕ ಗೋಲು ಮೈಸೂರು ರಾಜ್ಯದ ಎಸ್. ರಾಮನ್ ಅವರದು. ದೊರೆತ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಒಂದನ್ನು ಹೊಡೆದವರು ಮನ್ನಾ.

ಆದರೂ ಅವರು ಆಟ ಬಿಡಲಿಲ್ಲ, ತಂಡವೂ ಅವರನ್ನು ಕೈಬಿಡಲಿಲ್ಲ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ನಾಯಕರು. ಬೆಂಗಳೂರಿನ ಅಹ್ಮದ್ ಖಾನ್ ಸಹ ಜೊತೆಗಿದ್ದರು. ಇರಾನ್ ತಂಡವನ್ನು 1-0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. 1971ರಲ್ಲಿ ಮನ್ನಾ ಅವರಿಗೆ ಪದ್ಮಶ್ರೀ ಸಂದಿತು.

ಪಾಲಕರೇ, ನಪಾಸಾದ ಮಗುವಿಗೂ ಇನ್ನೊಂದು ಅವಕಾಶ ಕೊಡಿ.