ಬಂದೂಕಿನ ಮುಂದೆ ಬರಿಗೈಯವರು: ಮರಳು ಗ್ರಹದಿಂದ ಚಂಬಲ್‌ ಕಣಿವೆಗೆ

ಜಪಾನಿನ ಯಾಸುಹಿರೊ ನೈಟೊ 1995ರಲ್ಲಿ ‘ಟ್ರೈಗನ್’ ಎಂಬ ಕಾಮಿಕ್ಸ್ ಶುರು ಮಾಡಿದರು. 1998ರಲ್ಲಿ ಅದು ಟಿವಿ ಸರಣಿಯೂ ಆಯಿತು. ಎಲ್ಲೋ ದೂರದ ಮರಳುಗಾಡಿನ ಗ್ರಹ, ನೆತ್ತಿಯ ಮೇಲೆ ಎರಡು ಸೂರ್ಯ, ಕೌಬಾಯ್ ಸಿನಿಮಾದಲ್ಲಿ ಕಾಣುವಂಥ ಊರುಗಳು. ಕಥಾನಾಯಕ ವ್ಯಾಶ್ ಗುರಿ ತಪ್ಪದ ಬಂದೂಕುಗಾರ. ಆದರೂ ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಅವನ ಹಟ. ಈ ಹಟಕ್ಕೆ ತೆತ್ತ ಬೆಲೆ ಅವನ ಮೈತುಂಬ ಗಾಯದ ಕಲೆಗಳಾಗಿ ಉಳಿದಿದೆ.

ಹಾಲಿವುಡ್‌ನ ಹಳೆಯ ಕೌಬಾಯ್ ಸಿನಿಮಾಗಳು ಇಂಥವರನ್ನು ಅಷ್ಟಾಗಿ ನಂಬಿದ್ದಿಲ್ಲ. 1952ರ ‘ಹೈ ನೂನ್’ನಲ್ಲಿ ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥದ ಹೆಣ್ಣುಮಗಳು ಕೊನೆಗೆ ಗಂಡನನ್ನು ಉಳಿಸಲು ತಾನೇ ಬಂದೂಕು ಎತ್ತುತ್ತಾಳೆ. ಅಹಿಂಸೆ ಒಳ್ಳೆಯದೇ, ಆದರೆ ದರೋಡೆಕೋರ ಬಾಗಿಲಿಗೆ ಬಂದಾಗ ಅದು ಕೆಲಸಕ್ಕೆ ಬಾರದು ಎಂಬುದು ಆ ಕಥೆಗಳ ತೀರ್ಮಾನ. ಇದು ನಿಜವೇ ಎಂದು ನೋಡಲು ನಾವು ಬೇರೆ ಗ್ರಹಕ್ಕೆ ಹೋಗಬೇಕಿಲ್ಲ. ಚಂಬಲ್‌ಗೆ ಹೋದರೆ ಸಾಕು.

ಮಧ್ಯಪ್ರದೇಶ, ಉತ್ತರ ಪ್ರದೇಶ, ರಾಜಸ್ಥಾನ ಕೂಡುವ ಜಾಗವದು. ಮಳೆನೀರು ಮಣ್ಣನ್ನು ಕೊರೆಕೊರೆದು ಮಾಡಿದ ಕೊರಕಲುಗಳಲ್ಲಿ ಅಡಗಿದವನನ್ನು ಹುಡುಕುವುದು ಸುಲಭವಲ್ಲ. ಒಂದು ರಾಜ್ಯದ ಪೊಲೀಸರು ಅಟ್ಟಿಸಿಕೊಂಡು ಬಂದರೆ ಇನ್ನೊಂದು ರಾಜ್ಯಕ್ಕೆ ದಾಟಿದರಾಯಿತು. ಜಮೀನಿನ ಜಗಳ, ಜಾತಿಯ ಸೇಡು, ಸಿಗದ ನ್ಯಾಯ ಎಷ್ಟೋ ಜನರನ್ನು ಅಲ್ಲಿಗೆ ತಳ್ಳಿದವು. ಅವರು ತಮ್ಮನ್ನು ಡಾಕುಗಳೆಂದು ಕರೆದುಕೊಳ್ಳಲಿಲ್ಲ, ‘ಬಾಗಿ’ ಎಂದರು. ಬಾಗಿ ಎಂದರೆ ಬಂಡಾಯಗಾರ.

ಹೆಸರಾಂತ ಬಾಗಿ ಮಾನ್ ಸಿಂಗ್ 1955ರಲ್ಲಿ ಪೊಲೀಸರ ಗುಂಡಿಗೆ ಸತ್ತ. ಅವನ ಮಗ ತಹಸೀಲ್ದಾರ್ ಸಿಂಗ್ ಗಲ್ಲುಶಿಕ್ಷೆಯಾಗಿ ನೈನಿ ಜೈಲಿನಲ್ಲಿದ್ದ. ಅಲ್ಲಿಂದಲೇ ವಿನೋಬಾ ಭಾವೆಯವರಿಗೆ ಪತ್ರ ಬರೆದ. ಮೇಜರ್ ಜನರಲ್ ಯದುನಾಥ ಸಿಂಗ್ ನಡುವೆ ನಿಂತು ಓಡಾಡಿದರು. 1960ರ ಮೇ ತಿಂಗಳ ಬಿಸಿಲಲ್ಲಿ ವಿನೋಬಾ ಭಿಂಡ್‌–ಮೊರೆನಾ ಸೀಮೆಯಲ್ಲಿ ನಡೆದಾಗ 20 ಬಾಗಿಗಳು ಬಂದು ಬಂದೂಕು ಕೆಳಗಿಟ್ಟರು. ಕೊಲೆಗಾರರಿಗೆ ಸಂತರ ಮರ್ಯಾದೆ ಸಿಗುತ್ತಿದೆ ಎಂದು ಪೊಲೀಸ್ ವಲಯದಲ್ಲಿ ಅಸಮಾಧಾನ ಎದ್ದಿತು. ಮಧ್ಯಪ್ರದೇಶದ ಪೊಲೀಸ್ ಮುಖ್ಯಸ್ಥ ಕೆ.ಎಫ್. ರುಸ್ತುಂಜಿ ಬಹಿರಂಗವಾಗಿಯೇ ಟೀಕಿಸಿದರು.

ಹನ್ನೊಂದು ವರ್ಷಗಳ ಮೇಲೆ, 1971ರಲ್ಲಿ, ಗುತ್ತಿಗೆದಾರನ ವೇಷದಲ್ಲಿ ಒಬ್ಬ ಪಟ್ನಾಕ್ಕೆ ಬಂದು ಜಯಪ್ರಕಾಶ ನಾರಾಯಣರನ್ನು ಕಂಡ. ಬಾಗಿಗಳು ಶರಣಾಗಲು ಸಿದ್ಧರಿದ್ದಾರೆ, ನೀವು ಮುಂದೆ ನಿಲ್ಲಬೇಕು ಎಂದ. ಜೆಪಿ ಮೊದಲು ಒಪ್ಪಲಿಲ್ಲ. ಆಮೇಲೆ ಅವನೇ ತಾನು ಮಾಧೋ ಸಿಂಗ್ ಎಂದು ಹೇಳಿಕೊಂಡ. ಅವನ ತಲೆಗೆ ಒಂದೂವರೆ ಲಕ್ಷ ರೂಪಾಯಿ ಬಹುಮಾನವಿತ್ತು. ಟ್ರೈಗನ್‌ನಲ್ಲಿ ಬಹುಮಾನ ಇರುವುದು ಅಹಿಂಸಾವಾದಿಯ ತಲೆಗೆ. ಇಲ್ಲಿ ಬಹುಮಾನ ಹೊತ್ತವನೇ ಅಹಿಂಸಾವಾದಿಯನ್ನು ಹುಡುಕಿಕೊಂಡು ಬಂದಿದ್ದ.

ಜೆಪಿ ಬರಿ ಉಪದೇಶ ಮಾಡಲಿಲ್ಲ. ಕೇಂದ್ರದ ಜೊತೆ, ಮೂರೂ ರಾಜ್ಯಗಳ ಜೊತೆ ಮಾತಾಡಿದರು. ಕ್ಷಮೆ ಇಲ್ಲ, ಮೊಕದ್ದಮೆ ನಡೆಯುತ್ತದೆ, ಆದರೆ ಗಲ್ಲಿಗೇರಿಸುವುದಿಲ್ಲ ಎಂಬ ಭರವಸೆ ಪಡೆದರು. ಜೌರಾ ಬಳಿಯ ಪಗಾರಾದ ಸುತ್ತ ಪೊಲೀಸ್ ಕಾರ್ಯಾಚರಣೆ ನಿಲ್ಲಿಸಲಾಯಿತು. ಹಿಂದೆ ಶರಣಾಗಿದ್ದ ಹಳೆಯ ಬಾಗಿಗಳೇ ಕೊರಕಲುಗಳಿಗೆ ಹೋಗಿ ಉಳಿದವರನ್ನು ಒಪ್ಪಿಸಿದರು.

ಈ ಕೆಲಸದ ಬೆನ್ನೆಲುಬಾಗಿ ನಿಂತವರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಕೂಡ ಒಬ್ಬರು. 1942ರಲ್ಲಿ, 13 ವರ್ಷದ ಹುಡುಗನಾಗಿದ್ದಾಗಲೇ ಚಳವಳಿಗೆ ಇಳಿದವರು. ಚಂಬಲ್‌ನಲ್ಲಿ ಯುವಕರ ಶ್ರಮದಾನ ಶಿಬಿರ ನಡೆಸುತ್ತ ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿದರು. ಖಾದಿ ಅಂಗಿ, ಚಡ್ಡಿ ತೊಟ್ಟ ಅವರನ್ನು ಅಲ್ಲಿಯವರು ‘ಭಾಯೀಜಿ’ ಎಂದರು. 1972ರ ಏಪ್ರಿಲ್ 14ರಂದು ಅದೇ ಜೌರಾದಲ್ಲಿ ಗಾಂಧಿ ಚಿತ್ರದ ಮುಂದೆ ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತು ಸಂಗಡಿಗರು ಬಂದೂಕು ಇಟ್ಟರು. ಆ ವರ್ಷ ಹೀಗೆ ಬಂದವರು ನೂರಾರು ಮಂದಿ. ಹಲವರನ್ನು ಮುಂಗಾವಲಿಯ ಬಯಲು ಜೈಲಿನಲ್ಲಿ ಇಡಲಾಯಿತು.

ಇದಾಗಿ ಮೂರು ವರ್ಷಕ್ಕೆ, ನಮ್ಮ ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣವಾದ ‘ಶೋಲೆ’ ಬಂತು. ದೇಶದ ಮನಸ್ಸಿನಲ್ಲಿ ಡಾಕು ಎಂದರೆ ಗಬ್ಬರ್ ಎಂದಾಯಿತು. ಜೌರಾದ ಕಥೆ ಅಷ್ಟು ನೆನಪಿನಲ್ಲಿ ಉಳಿಯಲಿಲ್ಲ.

ಹಾಗೆಂದು ಜೌರಾವನ್ನು ಪವಾಡ ಮಾಡಲು ನಮಗೆ ಮನಸ್ಸಿಲ್ಲ. ಜಮೀನಿನ ಜಗಳ, ಜಾತಿಯ ದರ್ಪ ಹಾಗೆಯೇ ಉಳಿದವು. 1981ರಲ್ಲಿ ಬೆಹ್ಮಾಯಿಯ ಹತ್ಯಾಕಾಂಡ ನಡೆಯಿತು. 1983ರಲ್ಲಿ ಭಿಂಡ್‌ನಲ್ಲಿ ಫೂಲನ್ ದೇವಿ ಶರಣಾದಳು. ಬಾಗಿಗಳ ಕೈಯಲ್ಲಿ ಸತ್ತವರ ಮನೆಯವರಿಗೆ ವೇದಿಕೆಯ ಮೇಲಿನ ಆ ಹಾರಗಳು ಹೇಗೆ ಕಂಡಿರಬೇಡ? ಊರಿನ ಸುದ್ದಿ ಬರೆಯಲು ಕಲಿತ ನಾವು ಶರಣಾದವರ ಫೋಟೊ ಜೊತೆಗೆ ಆ ಮನೆಗಳ ಬಾಗಿಲನ್ನೂ ತಟ್ಟಬೇಕು.

ಆದರೂ ಇಷ್ಟನ್ನು ಒಪ್ಪಲೇಬೇಕು. ಬರಿಗೈಯವರ ಮಾತಿಗೆ ನೂರಾರು ಬಂದೂಕುಗಳು ಕೆಳಗಿಳಿದವು. ಅದಕ್ಕೆ ಬೇಕಾದದ್ದು ವರ್ಷಗಟ್ಟಲೆ ಆ ಊರುಗಳಲ್ಲೇ ಇದ್ದು ಗಳಿಸಿದ ನಂಬಿಕೆ, ಸರ್ಕಾರದಿಂದ ಪಡೆದ ಖಚಿತ ಮಾತು, ನಡುವೆ ಓಡಾಡುವ ಜನ. ಸುಬ್ಬರಾವ್ 2021ರ ಅಕ್ಟೋಬರ್‌ನಲ್ಲಿ ಜೈಪುರದಲ್ಲಿ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ನಡೆದದ್ದು ಜೌರಾದಲ್ಲೇ.